ಬಲಗಡೆಯ ಸೀಟು

ನಮ್ಮ ಮನೆಯಲ್ಲಿ ಅಡುಗೆಮನೆಗೆ ಹೋಗಬೇಕಾದರೆ ಜೀಪನ್ನು ಸುತ್ತಿಕೊಂಡೇ ಹೋಗಬೇಕಿತ್ತು. ಹೊಸಹಳ್ಳಿಯ ಆ ಮನೆಯ ನಡುವೆ ಶೀಟು ಹೊದಿಸಿದ ಒಂದು ಶೆಡ್ಡು. ಅದರ ಎಡಕ್ಕೆ ಎರಡು ಕೋಣೆ, ಬಲಕ್ಕೆ ಅಡುಗೆಮನೆ ಮತ್ತು ಬಚ್ಚಲು, ಮೂಲೆಯಲ್ಲಿ ಅಪ್ಪ ಕಬ್ಬಿಣ ಕಡೆಯುವ ಲೇತು. ಉಳಿದ ಜಾಗವನ್ನೆಲ್ಲ ಜೀಪೇ ನುಂಗಿಕೊಂಡಿತ್ತು. ಸಾರಿನ ಪಾತ್ರೆ ಹಿಡಿದ ಅಮ್ಮ ಮಡ್‌ಗಾರ್ಡಿಗೂ ಗೋಡೆಗೂ ಮಧ್ಯೆ ಅಡ್ಡಡ್ಡವಾಗಿ ನುಸುಳಿಕೊಂಡು ಬರುತ್ತಿದ್ದಳು. ಬಾನೆಟ್ಟಿನ ಮೇಲೆ ಹಪ್ಪಳ ಒಣಗುತ್ತಿತ್ತು, ಅದು ಖಾಲಿಯಿದ್ದಾಗ ನನ್ನ ಹೋಂವರ್ಕು ನಡೆಯುತ್ತಿತ್ತು. ತಾತ ಅದರ ಪಕ್ಕದ ಕನ್ನಡಿಯಲ್ಲೇ ಮೀಸೆ ಕತ್ತರಿಸಿಕೊಳ್ಳುತ್ತಿದ್ದ. ನೆಂಟರು ಬಂದು “ಇದನ್ನ ಹೊರಗೆ ನಿಲ್ಲಿಸಬಾರದಾ?” ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮನೆಯ ದೇವರ ಕೋಣೆಯನ್ನು ಯಾರಾದರೂ ಬೀದಿಯಲ್ಲಿ ಇಡಿ ಎನ್ನುತ್ತಾರೆಯೇ?

ಅದು ಯುದ್ಧದ ಕಾಲದ ಜೀಪು. ತಾತ ಹದಿಹರೆಯ ದಾಟುವ ಮುನ್ನವೇ ಮಿಲಿಟರಿಗೆ ಡ್ರೈವರಾಗಿ ಸೇರಿ ಬರ್ಮಾ ಗಡಿಗೆ ಹೋಗಿದ್ದವನು. ವಾಪಸ್ಸು ಬಂದು ಎಷ್ಟೋ ವರ್ಷಗಳಾದ ಮೇಲೆ, ಮಿಲಿಟರಿಯವರು ಹಳೇ ಗಾಡಿಗಳನ್ನು ಹರಾಜು ಹಾಕುವ ಒಂದು ಯಾರ್ಡಿನಲ್ಲಿ ಎಂಜಿನ್ನಿಲ್ಲದೆ ತುಕ್ಕು ಹಿಡಿದು ಬಿದ್ದಿದ್ದ ಈ ಜೀಪಿನ ಮೈ ಸವರಿ, ಬಲಗಡೆಯ ಸೀಟಿನ ಪಕ್ಕ ವೆಲ್ಡಿಂಗಿನ ತೇಪೆಯೊಂದು ಕೈಗೆ ತಗುಲಿದಾಗ ಅಲ್ಲೇ ಕುಸಿದು ಕೂತನಂತೆ. ಗುಂಡು ಬಿದ್ದ ಜಾಗ ಅದು, ತಾನು ಓಡಿಸಿದ ಗಾಡಿಯೇ ಇದು ಎಂದು ಮನೆಗೆ ಎಳೆಸಿಕೊಂಡು ಬಂದ. ಆಮೇಲೆ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದವನು ಅಪ್ಪ. ಫ್ಯಾಕ್ಟರಿಯಲ್ಲಿ ಟರ್ನರ್ ಆಗಿದ್ದ ಅಪ್ಪ ಒಂದೊಂದು ಭಾಗವನ್ನೂ ಗುಜರಿಯಿಂದ ಹುಡುಕಿ ತಂದ, ಸಿಗದೇ ಇದ್ದದ್ದನ್ನು ಲೇತಿನಲ್ಲಿ ಕಡೆದ. ನಾನು ಹುಟ್ಟುವ ಹೊತ್ತಿಗೆ ಜೀಪು ಓಡಾಡುವಂತಾಗಿತ್ತು. ಆದರೂ ಅಪ್ಪ ಅದಕ್ಕೆ ಏನಾದರೊಂದು ಮಾಡುತ್ತಲೇ ಇರುತ್ತಿದ್ದ.

ಹೊರದೇಶದ ಗಾಡಿಯಾದ್ದರಿಂದ ಅದರ ಸ್ಟಿಯರಿಂಗು ಎಡಗಡೆಗಿತ್ತು. ಪಕ್ಕದ ಸೀಟು ಬಲಗಡೆಗೆ. ಆ ಬಲಗಡೆಯ ಸೀಟಿನಲ್ಲಿ ನಮ್ಮ ಮನೆಯ ಯಾರೂ ಕೂರುವಂತಿರಲಿಲ್ಲ. ಅದು ಮುನಿಸ್ವಾಮಿಯ ಜಾಗ. ಕೋಲಾರದ ಕಡೆಯವನಾದ ಮುನಿಸ್ವಾಮಿ ತಾತನ ಜೊತೆಗಾರ, ಆ ಸೀಟಿನಲ್ಲಿ ಕೂತಿದ್ದಾಗಲೇ ಗುಂಡು ತಗುಲಿ ಸತ್ತ ಎನ್ನುವುದಷ್ಟೇ ಮನೆಯವರಿಗೆಲ್ಲ ತಿಳಿದಿದ್ದ ಕತೆ. ಪ್ರತಿ ಆಯುಧಪೂಜೆಗೆ, ಮಂಗಳಾರತಿ ಆದ ತಕ್ಷಣ, ತಾತ ಒಂದು ಲೋಟ ಕಾಫಿ ತಂದು ಆ ಸೀಟಿನ ಮೇಲಿಡುತ್ತಿದ್ದ. ಆಮೇಲೆ ನಾಲ್ಕು ಚಕ್ರದ ಕೆಳಗಿನ ನಿಂಬೆಹಣ್ಣು ಒಡೆದುಕೊಂಡು ಗಾಡಿ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿತ್ತು. ಅಜ್ಜಿ ಹಿಂದುಗಡೆ, ಚಕ್ರದ ಮೇಲಿನ ತಗಡಿಗೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದಳು. ಕಟ್ಟಿಕೊಂಡ ಹೆಂಡತಿ ಹಿಂದೆ, ಕಾಫಿ ಲೋಟ ಮುಂದೆ. ಅದು ವಿಚಿತ್ರ ಎಂದು ಆಗ ನಮಗ್ಯಾರಿಗೂ ಅನ್ನಿಸಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಬೇಸಿಗೆಯ ಒಂದು ಮಧ್ಯಾಹ್ನ, ತಾತನಿಗೆ ಎದೆನೋವು ಬಂದು ಆಸ್ಪತ್ರೆಯಿಂದ ವಾಪಸ್ಸಾಗಿ ವಾರವಾಗಿತ್ತು. ಅಮ್ಮ ಮತ್ತು ಅಜ್ಜಿ ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದರು. ತಾತ ಜೀಪಿನ ಮೆಟ್ಟಿಲ ಹತ್ತಿರ ಮಣೆ ಹಾಕಿಕೊಂಡು ಕೂತು ನನ್ನನ್ನು ಕರೆದ.

“ಇಲ್ಬಾ ಪುಟ್ಟಿ. ಒಂದ್ ಮಾತ್ ಹೇಳ್ತೀನಿ. ಯಾರ್ಗೂ ಹೇಳ್ಬಾರ್ದು.”

“ಹೇಳಲ್ಲ, ಹೇಳು.”

“ಮುನಿಸ್ವಾಮಿ ಈ ಸೀಟಲ್ಲಿ ಸಾಯ್ಲಿಲ್ಲ ಕಣೇ. ಗುಂಡು ಅವ್ನ ತೊಡೆಗೆ ಬಿತ್ತು. ಬದುಕಿದ್ದ. ನಾನು ಗಾಡಿ ನಿಲ್ಸಿ, ಹಾರಿ, ಓಡ್ಬಿಟ್ಟೆ. ‘ಬಿಟ್ಟು ಹೋಗ್ಬೇಡ ಕಣೋ’ ಅಂತ ಕೂಗ್ತಾನೇ ಇದ್ದ. ನಾನು ತಿರುಗಿ ನೋಡ್ಲಿಲ್ಲ. ಬೆಳಿಗ್ಗೆ ಎಲ್ರೂ ಸೇರ್ಕೊಂಡು ಬಂದ್ ನೋಡಿದ್ರೆ ಗಾಡೀನೂ ಇಲ್ಲ, ಅವ್ನೂ ಇಲ್ಲ.”

ತಾತ ತೇಪೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ.

“ಅಷ್ಟು ದೂರದ ಗಾಡಿ ನನ್ನನ್ನೇ ಹುಡುಕ್ಕೊಂಡು ಬಂತಲ್ಲ. ಅಂದ್ರೆ ಅವ್ನೇ ಕಳಿಸಿದಾನೆ. ಅವ್ನಿಗೆ ನನ್ನ ಮೇಲೆ ಕೋಪ ಇಲ್ಲ. ಅಲ್ವೇನೇ?”

“ಇಲ್ಲ ತಾತ. ಕೋಪ ಇದ್ದಿದ್ರೆ ಯಾಕ್ ಕಳಿಸ್ತಿದ್ದ?” ಎಂದೆ. ತಾತನಿಗೆ ಅಷ್ಟೇ ಬೇಕಾಗಿತ್ತು. ಆ ಗುಟ್ಟು ನನಗೊಬ್ಬಳಿಗೇ ಗೊತ್ತಾಗಿತ್ತು. ನನಗೆ ಹೆಮ್ಮೆಯೂ ಆಗಿತ್ತು, ಹೆದರಿಕೆಯೂ ಆಗಿತ್ತು.

ಇದ್ಯಾವುದೂ ಗೊತ್ತಿಲ್ಲದ ಅಪ್ಪ, ತನ್ನ ಪಾಡಿಗೆ ತಾನು, ತಾತನಿಗೆ ಒಂದು ಉಡುಗೊರೆ ಕೊಡಬೇಕೆಂದು ಯೋಚಿಸಿದ್ದ. ಆ ಜೀಪು ಎಲ್ಲಿ ಹುಟ್ಟಿತು, ಯಾವಾಗ ಯುದ್ಧಕ್ಕೆ ಬಂತು ಎಂಬುದನ್ನು ತಿಳಿದವರಿಂದ ಬರೆಸಿ, ಚೌಕಟ್ಟು ಹಾಕಿಸಿ, ಆಯುಧಪೂಜೆಯ ದಿನ ತಾತನ ಕೈಗಿಡುವ ಆಸೆ. ಎದೆನೋವಿನ ಮೇಲೆ ಆ ಆಸೆಗೆ ಆತುರವೂ ಸೇರಿಕೊಂಡಿತು. ಮಿಲಿಟರಿ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾಗಿ ಕೆಂಗೇರಿಯಲ್ಲಿ ನೆಲೆಸಿದ್ದ ಒಬ್ಬ ಸುಬೇದಾರರು ಅಪ್ಪನ ಹತ್ತಿರ ಏನೋ ಕಡೆಸಲು ಬಂದವರು ಜೀಪು ನೋಡಿ ನಿಂತುಬಿಟ್ಟಿದ್ದರಂತೆ. ಹಬ್ಬಕ್ಕೆ ನಾಲ್ಕು ದಿನ ಇದ್ದಾಗ, ಭಾನುವಾರ, ಅವರನ್ನೇ ಅಪ್ಪ ಕರೆಸಿದ. ತಾತ ಭಾನುವಾರ ಕ್ಷೌರದಂಗಡಿಗೆ ಹೋದರೆ ಪೇಪರು ಓದಿ, ಅಲ್ಲಿದ್ದವರ ಜೊತೆ ಹರಟಿ ಬರುವುದಕ್ಕೆ ಎರಡು ಗಂಟೆಯಾದರೂ ಬೇಕು.

ಸುಬೇದಾರರು ಚಪ್ಪಲಿ ಬಿಟ್ಟು ಶೆಡ್ಡಿನೊಳಗೆ ಬಂದರು. ಅದಕ್ಕೇ ನನಗೆ ಅವರು ಇಷ್ಟವಾದರು. ಮೊದಲು ಡ್ಯಾಶ್‌ಬೋರ್ಡಿನ ಹತ್ತಿರ ಬಗ್ಗಿದರು. ಅಲ್ಲಿ ಮೂರು ಹಿತ್ತಾಳೆಯ ತಗಡುಗಳಿದ್ದವು, ಒಂದೊಂದೂ ಬಂಗಾರದ ಹಾಗೆ ಹೊಳೆಯುತ್ತಿತ್ತು.

“ಇದ್ರಲ್ಲೇ ಎಲ್ಲಾ ಇರುತ್ತೆ. ನಂಬರು, ಕಂಪನಿ, ಫ್ಯಾಕ್ಟರಿಯಿಂದ ಬಿಟ್ಟ ದಿನ...” ಎನ್ನುತ್ತ ಕನ್ನಡಕ ಏರಿಸಿದರು. ಬೆರಳಿಂದ ಸವರಿದರು. ಮತ್ತೆ ಸವರಿದರು. “ಒಂದಕ್ಷರಾನೂ ಇಲ್ವಲ್ಲ! ಯಾರ್ರೀ ಇದನ್ನ ಉಜ್ಜಿದ್ದು?”

“ನಾನೇ” ಎಂದಳು ಅಜ್ಜಿ, ಕಾಫಿ ತರುತ್ತ, ಹೆಮ್ಮೆಯಿಂದ. “ಶುಕ್ರವಾರ ದೀಪದ ಕಂಬ ಉಜ್ತೀನಲ್ಲ, ಅದ್ರ ಜೊತೇಲೇ. ಹುಣಸೆಹಣ್ಣು, ರಂಗೋಲಿ ಪುಡಿ. ಒಂದು ವಾರಾನೂ ತಪ್ಪಿಸಿಲ್ಲ.”

ಅಪ್ಪ ಹಣೆ ಚಚ್ಚಿಕೊಂಡ.

“ಅಮ್ಮಾ! ಅದು ಪೂಜೆ ಸಾಮಾನಲ್ಲಮ್ಮ, ಗಾಡಿ ಜಾತಕ! ಜಾತಕಾನೇ ಅಳ್ಸಿಬಿಟ್ಯಲ್ಲಮ್ಮ!”

ಅಜ್ಜಿಯ ಮುಖ ಸಣ್ಣಗಾಯಿತು. ಕಾಫಿ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದಳು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ, ಪೂಜೆಗೆ ಕೂರಿಸುವ ಗಾಡಿ ಹೊಸದಾಗಿ ಕಾಣಬೇಕೆಂದು ಇಡೀ ಜೀಪಿಗೆ ಹಸಿರು ಬಣ್ಣ ಬಳಿಯುತ್ತಿದ್ದವನು ಅವನೇ ತಾನೆ? ಅಜ್ಜಿ ಉಜ್ಜಿ ಅಳಿಸಿದ್ದರೆ ಅಪ್ಪ ಬಳಿದು ಮುಚ್ಚಿದ್ದ. ನಮ್ಮ ಮನೆಯ ಭಕ್ತಿಯೇ ಹಾಗಿತ್ತು.

ಸುಬೇದಾರರು ಸೋಲಲಿಲ್ಲ. ಯುದ್ಧದ ಕಾಲದಲ್ಲಿ ಒಂದೇ ನಕ್ಷೆಯ ಜೀಪನ್ನು ಎರಡು ಕಂಪನಿಗಳು ಮಾಡುತ್ತಿದ್ದವಂತೆ. ಮುಂದಿನ ಅಡ್ಡಪಟ್ಟಿ ಪೈಪಿನಂತೆ ದುಂಡಗಿದ್ದರೆ ಒಂದು ಕಂಪನಿಯದು, ಚೌಕವಾಗಿದ್ದರೆ ಇನ್ನೊಂದರದು. ಆ ಎರಡನೆಯ ಕಂಪನಿ ತನ್ನ ಹೆಸರಿನ ಮೊದಲಕ್ಷರವನ್ನು ಬೋಲ್ಟುಗಳ ತಲೆಯ ಮೇಲೂ ಒತ್ತುತ್ತಿತ್ತಂತೆ. ನಮ್ಮದರ ಪಟ್ಟಿ ಚೌಕವಾಗಿತ್ತು. ಹಾಗಾದರೆ ನಂಬರು ಚಾಸಿಯ, ಎಂದರೆ ಅಡಿಯ ಕಬ್ಬಿಣದ ಚೌಕಟ್ಟಿನ, ಎಡಗಡೆ ಪಟ್ಟಿಯ ಮೇಲೆ, ಎಂಜಿನ್ನಿನ ಪಕ್ಕ, ನೇರವಾಗಿ ಕಬ್ಬಿಣಕ್ಕೇ ಹೊಡೆದಿರಬೇಕು ಎಂದರು. ಅಲ್ಲಿಗೆ ದೊಡ್ಡವರ ಕೈ ಹೋಗುವುದು ಕಷ್ಟ. ನನ್ನ ಕೈ ಹೋಗುತ್ತಿತ್ತು. ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು, ಒಂದು ಮುರಿದ ಬ್ಲೇಡು ಹಿಡಿದು ಕೆರೆಯತೊಡಗಿದೆ. ಹಸಿರಿನ ಕೆಳಗೆ ಹಸಿರು, ಅದರ ಕೆಳಗೆ ಇನ್ನೊಂದು ಹಸಿರು, ನಡುನಡುವೆ ಹಬ್ಬಗಳ ಕುಂಕುಮದ ಕೆಂಪು. ಬಹಳ ಹೊತ್ತಿನ ಮೇಲೆ ಬೆರಳ ತುದಿಗೆ ಒಂದು ಅಂಕೆ ತಗುಲಿತು.

“ಕೆರೀಬೇಡ ಮರಿ, ಸಾಕು. ಪೇಪರ್ ಇಡು, ಮೇಲೆ ಪೆನ್ಸಿಲ್ ಉಜ್ಜು” ಎಂದರು ಸುಬೇದಾರರು.

ಗಣಿತದ ನೋಟ್‌ಬುಕ್ಕಿನ ಹಾಳೆ ಹರಿದು ಇಟ್ಟು ಉಜ್ಜಿದೆ. ಕಪ್ಪಿನ ನಡುವೆ ಬೆಳ್ಳಗೆ ಒಂದೊಂದೇ ಅಂಕೆ ಎದ್ದು ಬಂತು. ಇವತ್ತು ನಾನು ಹೊಟ್ಟೆಪಾಡಿಗೆ ಮಾಡುವುದೂ ಇದೇ ಕೆಲಸ. ಅಪಘಾತವಾದ ಗಾಡಿಗಳನ್ನು ವಿಮೆಗಾಗಿ ಪರೀಕ್ಷೆ ಮಾಡುವವಳು ನಾನು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಆಡಿಸುವಾಗ ಈಗಲೂ ಒಂದು ಗಳಿಗೆ ನನ್ನ ಕೈ ತಡೆಯುತ್ತದೆ. ಏಕೆಂದರೆ ಆವತ್ತು ಸುಬೇದಾರರು ಯಾವ ನಂಬರಿನ ಗಾಡಿ ಯಾವಾಗ ತಯಾರಾಯಿತೆಂದು ಬರೆದಿಟ್ಟಿದ್ದ ತಮ್ಮ ಹಳೇ ಡೈರಿಯೊಂದನ್ನು ತೆಗೆದು, ನನ್ನ ಹಾಳೆಯನ್ನು ಅದರ ಪಕ್ಕ ಹಿಡಿದು, ಹಿಂದೆ ಮುಂದೆ ಪುಟ ತಿರುಗಿಸಿ, ಕೊನೆಗೆ ಡೈರಿ ಮುಚ್ಚಿದರು.

“ನಿಮ್ ತಂದೆಯವ್ರ ಜೊತೆಗಾರ ತೀರ್ಕೊಂಡಿದ್ದು ಯಾವಾಗ ಅಂದ್ರಿ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೇಳಿದ.

“ಈ ಚಾಸಿ ಫ್ಯಾಕ್ಟರಿ ಬಿಟ್ಟಿದ್ದೇ ಅದಾಗಿ ಒಂದು ವರ್ಷದ ಮೇಲೆ.”

“ಚಾಸಿ ಬೇರೆದಿರಬಹುದು ಸಾರ್. ಬಾಡಿ? ಆ ತೇಪೆ ಬಾಡಿ ಮೇಲಲ್ವಾ ಇರೋದು?”

ಸುಬೇದಾರರು ಬಲಗಡೆ ಹೋಗಿ, ಒಳಗಿನಿಂದ ತೇಪೆಯ ಸುತ್ತಲ ಬಣ್ಣ ಕೆರೆದರು. ಬಹಳ ಮೃದುವಾಗಿ ಮಾತಾಡಿದರು.

“ಗುಂಡು ಹೊಕ್ಕಿದ್ರೆ ತಗಡು ಹರಿದು ಒಳಗಡೆ ಬಾಗಿರುತ್ತೆ. ಇದು ಡ್ರಿಲ್ ಹಾಕಿದ ತೂತು. ಸುತ್ತ ನಾಲ್ಕು ಚಿಕ್ಕ ತೂತು ನೋಡಿ. ವೈರ್‌ಲೆಸ್ ಕಂಬ ಕೂರಿಸ್ತಿದ್ರು ಇಲ್ಲಿ. ಆಮೇಲೆ ಯಾರೋ ಮುಚ್ಚಿದಾರೆ. ಯುದ್ಧದ ಗಾಡಿ ಹೌದು, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಅವ್ರು ಹೇಳೋ ಗಾಡಿ ಇದಲ್ಲ.”

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅಪ್ಪ ಅಮ್ಮನಿಗೆ ಜಗಳ ಹತ್ತಿತು. ಅಪ್ಪನಿಗೆ ಅಳತೆ ತಪ್ಪಿದ್ದನ್ನು ಸರಿ ಎಂದು ಹೇಳುವ ಅಭ್ಯಾಸವಿರಲಿಲ್ಲ. ಹೇಳಬೇಕು ಎಂದ. ಅಮ್ಮ ದನಿ ತಗ್ಗಿಸಿಕೊಂಡೇ ರೇಗಿದಳು.

“ಎದೆನೋವು ಬಂದು ಎದ್ದೋರಿಗೆ ಇದನ್ನ ಹೇಳ್ತೀರಾ? ನಿಮಗೇನ್ ತಲೆ ಕೆಟ್ಟಿದ್ಯಾ? ಇಷ್ಟು ವರ್ಷ ಇಲ್ಲದ ಸತ್ಯ ಈಗ್ಯಾಕ್ರೀ ಬೇಕಾಗಿತ್ತು?”

ಅವರಿಗೆ ಅರ್ಧ ಮಾತ್ರ ಗೊತ್ತಿತ್ತು. ಪೂರ್ತಿ ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡು ಜೀಪಿನ ಪಕ್ಕ ಸೀಮೆಎಣ್ಣೆ ಕೈಯಲ್ಲಿ ನಿಂತಿದ್ದೆ. ಆಗಲೇ ತಾತ ಬಂದ. ಹೊಸದಾಗಿ ಬೋಳಿಸಿದ ಗಲ್ಲ, ಕಿವಿಯ ಹಿಂದೆ ಪೌಡರು. ಕೆರೆದಿದ್ದ ಬಣ್ಣ ನೋಡಿದ.

“ಏನೇ ಇದು? ಯಾರ್ ಬಂದಿದ್ರು?”

“ಸುಬೇದಾರ್ರು ಅಂತ. ನಿನ್ನ ಗಾಡಿ ಇದೇನಾ ಅಂತ ನೋಡೋಕೆ ಅಪ್ಪ ಕರ್ಸಿದ್ರು.”

ತಾತ ಬಲಗಡೆಯ ಸೀಟಿನ ಅಂಚು ಹಿಡಿದುಕೊಂಡ. ಆ ಕೈಯ ಹೆಬ್ಬೆರಳು ತೇಪೆಯನ್ನು ಹುಡುಕುತ್ತಿತ್ತು.

“ಏನಂದ್ರು?”

“ಇದೇ ಅಂತೆ ತಾತ.”

ಯಾಕೆ ಹಾಗೆಂದೆ ಎಂದು ಯೋಚಿಸಿ ಹೇಳಿದ್ದಲ್ಲ. ಅವನ ಕೈ ನೋಡಿ ಬಾಯಿಂದ ಬಂದುಬಿಟ್ಟಿತು. ತಾತ ಮೆಟ್ಟಿಲ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ ಅತ್ತ. ಒಳಗಿಂದ ಬಂದ ಅಪ್ಪ ಅಮ್ಮ ಬಾಗಿಲಲ್ಲೇ ನಿಂತರು. ಆಮೇಲೆ ಅಮ್ಮ ಅಪ್ಪನಿಗೆ, “ಮಗು ಹೇಳಿಯಾಯ್ತು. ಇನ್ನು ಬಾಯಿ ಮುಚ್ಕೊಂಡಿರಿ” ಎಂದದ್ದು ಕೇಳಿಸಿತು.

ಆ ನಾಲ್ಕು ದಿನ ತಾತ ಬೇರೆಯೇ ಮನುಷ್ಯನಾಗಿದ್ದ. ಬೀದಿಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ, “ಮಿಲಿಟರಿಯೋರೇ ಬಂದ್ ನೋಡ್ ಹೋದ್ರು, ನನ್ ಗಾಡಿಯೇ ಅಂತೆ” ಎನ್ನುತ್ತಿದ್ದ. ಹಿಂದೆ ಎಂದೂ ಹೇಳದ ಕತೆಗಳು ಬಾಯಿಗೆ ಬಂದವು. ಮುನಿಸ್ವಾಮಿ ಸೊಳ್ಳೆ ಪರದೆಯಲ್ಲಿ ಮೀನು ಹಿಡಿದದ್ದು, ಮೇಲಧಿಕಾರಿಯ ನಡಿಗೆಯನ್ನು ಅಣಕಿಸಿ ಸಿಕ್ಕಿಬಿದ್ದದ್ದು. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಎದ್ದು ಹೋಗುತ್ತಿದ್ದೆ. ಪೆನ್ಸಿಲ್ ಉಜ್ಜಿದ ಹಾಳೆಯನ್ನು ಮಡಚಿ ಜಾಮೆಟ್ರಿ ಬಾಕ್ಸಿನಲ್ಲಿಟ್ಟಿದ್ದೆ. ಅದನ್ನು ಒಲೆಗೆ ಹಾಕಬಹುದಾಗಿತ್ತು. ಒಂದೆರಡು ಸಲ ಒಲೆಯ ಮುಂದೆ ನಿಂತಿದ್ದೂ ಉಂಟು. ಆಗಲಿಲ್ಲ. ಅಂಕೆಗಳು ಅಷ್ಟು ಸ್ಪಷ್ಟವಾಗಿದ್ದವು. ಅಜ್ಜಿ ಹಬ್ಬಕ್ಕೆಂದೂ ಹಿತ್ತಾಳೆಯ ಏನನ್ನೂ ಉಜ್ಜಲಿಲ್ಲ. ದೀಪದ ಕಂಬಗಳೂ ಮಂಕಾಗಿಯೇ ಇದ್ದವು.

ಆಯುಧಪೂಜೆಯ ಬೆಳಿಗ್ಗೆ ಜೀಪಿಗೆ ಬಾಳೆಕಂದು ಕಟ್ಟಿದರು. ಸೇವಂತಿಗೆ ಹಾರ, ಗಂಧ, ವಿಭೂತಿ, ಲೇತಿಗೂ ಒಂದು ಹಾರ. ಬೀದಿಯ ನಾಲ್ಕೈದು ಮನೆಯವರು ಬಂದು ನಿಂತಿದ್ದರು. ಮಂಗಳಾರತಿಯಾಯಿತು, ಅಪ್ಪ ಬೂದುಗುಂಬಳ ಒಡೆದ. ಇನ್ನು ಕಾಫಿ ಇಡಬೇಕು. ತಾತ ಲೋಟ ತಂದವನು ಸೀಟಿನ ಮೇಲಿಟ್ಟು ಕೈ ಮುಗಿದ. ನಂತರ ಅದನ್ನು ತಾನೇ ಎತ್ತಿ ಡ್ಯಾಶ್‌ಬೋರ್ಡಿನ ಮೇಲಿಟ್ಟ. ಹಾಗೆ ಮಾಡಿದ್ದು ಅದೇ ಮೊದಲು.

“ಇವತ್ತಿಂದ ಈ ಸೀಟು ಖಾಲಿ ಇರೋದ್ ಬೇಡ. ಅವ್ನಿಗೆ ನನ್ನ ಮೇಲೆ ಏನೂ ಇಲ್ಲ ಅಂತ ಗೊತ್ತಾಯ್ತಲ್ಲ” ಎಂದ. ನನ್ನ ಕಡೆ ತಿರುಗಿದ. “ಬಾ ಪುಟ್ಟಿ. ನಂಬರು ಹುಡುಕಿದ್ದು ನೀನೇ ಅಂತೆ. ಮೊದ್ಲು ನೀನೇ ಕೂತ್ಕೋ. ಹತ್ತು.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಮ್ಮ ಕಣ್ಣಲ್ಲೇ ‘ಹತ್ತು’ ಎಂದಳು. ನಾನು ಒಂದು ಕಾಲು ಎತ್ತಿ ಮೆಟ್ಟಿಲ ಮೇಲಿಟ್ಟೆ. ಇನ್ನೊಂದು ಕಾಲು ನೆಲ ಬಿಟ್ಟು ಮೇಲೇಳಲಿಲ್ಲ. ಸೀಟಿನ ಮೇಲೆ ಲೋಟದ ತಳದ ಒದ್ದೆ ಗುರುತು ಇನ್ನೂ ಇತ್ತು.

“ಇದಲ್ಲ ತಾತ” ಎಂದೆ. ಅಳು ಉಕ್ಕಿ ಬಂತು. “ನಾನ್ ಸುಳ್ಳು ಹೇಳ್ದೆ. ಇದು ನಿನ್ ಗಾಡಿ ಅಲ್ವಂತೆ. ಮುನಿಸ್ವಾಮಿ ಸತ್ತು ಒಂದು ವರ್ಷ ಆದ್ಮೇಲೆ ಮಾಡಿದ್ದಂತೆ. ಅದು ಗುಂಡಿನ ತೂತೂ ಅಲ್ವಂತೆ.”

ಅಮ್ಮ ನನ್ನ ಭುಜ ಹಿಡಿದು ಹಿಂದಕ್ಕೆಳೆದಳು. ಅಪ್ಪ ತಾತನ ಹತ್ತಿರ ಹೋಗಿ ನಿಂತ, ಬಿದ್ದರೆ ಹಿಡಿದುಕೊಳ್ಳಲು. ತಾತ ಬೀಳಲಿಲ್ಲ. ತೇಪೆಯ ಮೇಲೆ ಕೈಯಿಟ್ಟ, ಗುರುತಿಲ್ಲದವರ ಮೈ ಮುಟ್ಟಿದವನಂತೆ ತೆಗೆದುಬಿಟ್ಟ.

“ಹಂಗಾದ್ರೆ ಅವ್ನು ಕಳಿಸಿಲ್ಲ” ಎಂದ. ಆಮೇಲೆ, ಅಷ್ಟೂ ಜನರ ಮುಂದೆ, ನೆಲ ನೋಡಿಕೊಂಡು ಹೇಳಿದ. “ಮುನಿಸ್ವಾಮಿ ಬದುಕಿದ್ದ. ನಾನು ಅವ್ನನ್ನ ಬಿಟ್ಟು ಓಡ್ಬಂದೆ. ಕೂಗ್ತಿದ್ದ, ನಾನು ತಿರುಗಿ ನೋಡ್ಲಿಲ್ಲ.”

ಜೀವನವಿಡೀ ಆ ಜೀಪನ್ನು ಕಟ್ಟಿದ ಅಪ್ಪನಿಗೆ ತಾನು ಕಟ್ಟುತ್ತಿದ್ದುದು ಏನೆಂದು ಆಗ ತಿಳಿಯಿತು. ಮಾತಾಡಿದವಳು ಅಜ್ಜಿ. ಆರತಿ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು ಮುಂದೆ ಬಂದಳು.

“ನಂಗೊತ್ತು” ಎಂದಳು. “ಮದ್ವೆ ಆದ ವಾರದಿಂದ ಕೇಳ್ತಾ ಇದೀನಿ. ‘ಬಿಟ್ಟು ಹೋಗ್ಬೇಡ ಕಣೋ’ ಅಂತ ನಿದ್ದೇಲಿ ನೀವೇ ಕೂಗ್ತೀರಲ್ಲ.”

ತಾತ ತಲೆಯೆತ್ತಿದ. “ಮತ್ತೆ... ಯಾಕೆ ಒಂದಿನಾನೂ ಕೇಳ್ಲಿಲ್ಲ?”

“ಕೇಳಿದ್ರೆ ನೀವು ಏನ್ ಹೇಳ್ತಿದ್ರಿ? ಅವ್ನಿಗೆ ಕೋಪ ಇದ್ಯೋ ಇಲ್ವೋ ನಂಗ್ ಗೊತ್ತಿಲ್ಲ. ಈ ಗಾಡಿಗೂ ಗೊತ್ತಿಲ್ಲ, ಆ ಸುಬೇದಾರ್ರಿಗೂ ಗೊತ್ತಿಲ್ಲ. ನಾನಂತೂ ಗೊತ್ತಿದ್ದೇ ನಿಮ್ ಜೊತೆ ಸಂಸಾರ ಮಾಡ್ದೆ.”

ಹಾಗೆಂದವಳೇ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಮಡ್‌ಗಾರ್ಡಿಗೆ ಕೈಯೂರಿ ಹತ್ತಿ, ಬಲಗಡೆಯ ಸೀಟಿನಲ್ಲಿ ಕೂತಳು. ಡ್ಯಾಶ್‌ಬೋರ್ಡಿನ ಮೇಲಿದ್ದ ಕಾಫಿ ಲೋಟ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಹತ್ರೀ. ನಿಂಬೆಹಣ್ಣು ಒಡೀಬೇಕು. ನಿಧಾನಕ್ಕೆ ಬಿಡಿ, ಮುನಿಸ್ವಾಮಿ ಕಾಫಿ ಚೆಲ್ಲತ್ತೆ.”

ತಾತ ಬಾನೆಟ್ಟನ್ನು ಸುತ್ತಿ ಎಡಗಡೆಗೆ ಬಂದು ಸ್ಟಿಯರಿಂಗಿನ ಹಿಂದೆ ಕೂತ. ಅಪ್ಪ ನನ್ನನ್ನು ಎತ್ತಿ ಹಿಂದುಗಡೆ, ಅಜ್ಜಿಯ ಗೋಣಿಚೀಲದ ಮೇಲೆ ಕೂರಿಸಿದ. ನಿಂಬೆಹಣ್ಣುಗಳು ಒಂದೊಂದಾಗಿ ಒಡೆದವು. ಬೀದಿಯುದ್ದಕ್ಕೂ ನನಗೆ ಕಾಣುತ್ತಿದ್ದುದು ಅವರಿಬ್ಬರ ಬೆನ್ನು ಮಾತ್ರ. ಕೊನೆಯಲ್ಲಿ ಗಾಡಿ ತಿರುಗಿಸುವ ಮುನ್ನ ರಸ್ತೆಯಲ್ಲಿ ಒಂದು ಹಳ್ಳವಿತ್ತು. ಅಲ್ಲಿ ತಾತ ಎಡಗೈಯಲ್ಲಿ ಸ್ಟಿಯರಿಂಗು ಹಿಡಿದು, ಬಲಗೈ ಚಾಚಿ, ಅಜ್ಜಿಯ ಮಡಿಲಲ್ಲಿದ್ದ ಲೋಟದ ಬಾಯಿಗೆ ಅಂಗೈ ಮುಚ್ಚಿದ. ಹಳ್ಳ ದಾಟಿದ ಮೇಲೂ ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.